ಶಿಶುಶಿಕ್ಷಣ, ವಿಶೇಷಶಿಕ್ಷಣ ಮತ್ತು ಗುರುವಿನ ಉನ್ನತ ವ್ಯಾಸಂಗ: ಚಾಮರಾಜನಗರ–ಗುಂಡ್ಲುಪೇಟೆ ಸೀಮೆಯ ಚರಿತ್ರೆ

ಒಂದು ನಾಡಿನ ವಿದ್ಯಾಭ್ಯುದಯವನ್ನು ಅಳೆಯಹೊರಟವರು ಸಾಮಾನ್ಯವಾಗಿ ಅಲ್ಲಿಯ ಮಹಾವಿದ್ಯಾಲಯಗಳನ್ನೂ ಗ್ರಂಥಭಂಡಾರಗಳನ್ನೂ ಪಂಡಿತರ ಸಂಖ್ಯೆಯನ್ನೂ ಎಣಿಸುವರು. ಈ ಎಣಿಕೆಯು ಅಯುಕ್ತವೆಂದು ಯಾರೂ ಹೇಳಲಾರರು. ಆದರೆ ಇದಕ್ಕಿಂತಲೂ ನಿಷ್ಠುರವಾದ ಮತ್ತೊಂದು ಒರೆಗಲ್ಲುಂಟು. ಮೂರು ವರ್ಷದ ಕೂಸನ್ನು ತೊಡೆಯ ಮೇಲೆ ಕುಳ್ಳಿರಿಸಿಕೊಂಡು ಅದಕ್ಕೆ ಮೊದಲ ಪಾಠವನ್ನು ಹೇಳುವವರು ಆ ನಾಡಿನಲ್ಲಿ ಯಾರು? ಕಿವಿ ಕೇಳದ ಮಗುವಿಗೆ ಮಾತನ್ನೂ, ಕಣ್ಣು ಕಾಣದ ಮಗುವಿಗೆ ಅಕ್ಷರವನ್ನೂ, ಬುದ್ಧಿಯ ಬೆಳವಣಿಗೆ ತಡವಾದ ಮಗುವಿಗೆ ತನ್ನ ಅನ್ನವನ್ನು ತಾನೇ ಉಣ್ಣುವ ಬಗೆಯನ್ನೂ ಕಲಿಸುವವರು ಯಾರು? ಅವರಿಗೆ ಆ ವಿದ್ಯೆಯನ್ನು ಕಲಿಸಿಕೊಟ್ಟವರು ಯಾರು? ಈ ಪ್ರಶ್ನೆಗಳಿಗೆ ದೊರೆಯುವ ಉತ್ತರದಲ್ಲಿಯೇ ಆ ನಾಡಿನ ವಿದ್ಯೆಯ ನಿಜವಾದ ಬೆಲೆ ಅಡಗಿರುತ್ತದೆ.

ಶಿಶುಶಿಕ್ಷಣ, ವಿಶೇಷಶಿಕ್ಷಣ ಎಂಬ ಈ ಎರಡು ಶಾಸ್ತ್ರಗಳು ಮೇಲುನೋಟಕ್ಕೆ ಬೇರೆ ಬೇರೆಯೆಂಬಂತೆ ತೋರುತ್ತವೆ. ಅವುಗಳ ಚರಿತ್ರೆಯನ್ನು ನೋಡಿದರೆ ಎರಡೂ ಒಂದೇ ಬೇರಿನಿಂದ ಒಡೆದ ಕವಲುಗಳೆಂಬುದು ವಿದಿತವಾಗುವುದು. ಚಾಮರಾಜನಗರ, ಗುಂಡ್ಲುಪೇಟೆಗಳ ಸೀಮೆಗೆ ಇವು ಯಾವ ದಾರಿಯಿಂದ ಬಂದವು, ಎಷ್ಟು ದೂರ ಬಂದು ನಿಂತವು, ಇನ್ನು ಬರಬೇಕಾದುದೆಷ್ಟು ಎಂಬುದನ್ನು ನಿರೂಪಿಸುವುದೇ ಈ ಲೇಖನದ ಉದ್ದೇಶವಾಗಿದೆ.

ಚಾಮರಾಜನಗರಕ್ಕೆ ಪೂರ್ವದಲ್ಲಿ ಅರಿಕುಠಾರವೆಂಬ ಹೆಸರಿದ್ದಿತು. ತಮ್ಮ ತಂದೆಯವರಾದ ಚಾಮರಾಜ ಒಡೆಯರ ಜನ್ಮಸ್ಥಳವೆಂಬ ಕಾರಣದಿಂದ ಮುಮ್ಮಡಿ ಕೃಷ್ಣರಾಜ ಒಡೆಯರು ೧೮೧೮ರಲ್ಲಿ ಇದಕ್ಕೆ ಈಗಿನ ಹೆಸರನ್ನಿಟ್ಟು, ಚಾಮರಾಜೇಶ್ವರನ ದೇವಾಲಯವನ್ನು ಕಟ್ಟಿಸಿದರು. ಬಹುಕಾಲ ಮೈಸೂರು ಜಿಲ್ಲೆಯ ಅಂಗವಾಗಿದ್ದ ಈ ಸೀಮೆಯು ೧೯೯೭ರಲ್ಲಿ ಪ್ರತ್ಯೇಕ ಜಿಲ್ಲೆಯಾಯಿತು. ಗುಂಡ್ಲುಪೇಟೆಯು ನೀಲಗಿರಿಗೂ ವೈನಾಡಿಗೂ ಹೋಗುವ ಹೆದ್ದಾರಿಗಳು ಕವಲೊಡೆಯುವ ಊರು. ಅದರ ದಕ್ಷಿಣಕ್ಕೆ ಬಂಡೀಪುರದ ಅರಣ್ಯವೂ ಹಿಮವದ್ಗೋಪಾಲಸ್ವಾಮಿ ಬೆಟ್ಟವೂ ಇರುವುವು.

ವಿದ್ಯೆಯ ವಿಷಯದಲ್ಲಿ ಈ ಸೀಮೆಯು ಪೂರ್ವದಿಂದಲೂ ದರಿದ್ರವಾಗಿರಲಿಲ್ಲ. ಚಾಮರಾಜನಗರಕ್ಕೆ ಸಮೀಪದ ಹರದನಹಳ್ಳಿಯಲ್ಲಿ ಗೋಸಲ ಚನ್ನಬಸವೇಶ್ವರರ ಬಳಿಯಲ್ಲಿ ಬಾಲಕನಾಗಿದ್ದು ಬೆಳೆದು, ಮುಂದೆ ಅವರ ಕರಸಂಜಾತರಾಗಿ ತೋಂಟದ ಸಿದ್ಧಲಿಂಗ ಯತಿಗಳು ವಿರಕ್ತ ಪರಂಪರೆಯನ್ನು ಪುನರುಜ್ಜೀವನಗೊಳಿಸಿದರೆಂದು ಸಂಪ್ರದಾಯವು ಸಾರುತ್ತದೆ. ಯಳಂದೂರಿನಲ್ಲಿ ಷಡಕ್ಷರದೇವನಂತಹ ಕವಿಯೂ, ಸಂಚಿಯ ಹೊನ್ನಮ್ಮನಂತಹ ಕವಯಿತ್ರಿಯೂ ಬೆಳೆದುದು ಸಾಹಿತ್ಯಾಭ್ಯಾಸಿಗಳಿಗೆ ತಿಳಿದ ಸಂಗತಿಯೇ ಆಗಿದೆ. ಆದುದರಿಂದ ಇಲ್ಲಿ ವಿಚಾರಿಸಬೇಕಾದುದು ಪಾಂಡಿತ್ಯವು ಇದ್ದಿತೇ ಎಂಬುದನ್ನಲ್ಲ. ಆ ಪಾಂಡಿತ್ಯವು ಕೂಸಿನವರೆಗೆ ಇಳಿದುಬಂದಿತೇ ಎಂಬುದನ್ನು.

ಹಿಂದಿನ ಕಾಲದಲ್ಲಿ ಹಳ್ಳಿಯ ಮಕ್ಕಳಿಗೆ ಅಕ್ಷರಾಭ್ಯಾಸವಾಗುತ್ತಿದ್ದುದು ಕೂಲಿಮಠಗಳಲ್ಲಿ. ಪಾಠ ಹೇಳುವವರಿಗೆ ಐಗಳೆಂದು ಹೆಸರು. ಶಾಲೆಗೆ ಮಠವೆಂಬ ಹೆಸರು ನಿಂತುದೇ ಜಂಗಮರಿಗೂ ಅಕ್ಷರಕ್ಕೂ ಇದ್ದ ಸಂಬಂಧಕ್ಕೆ ಸಾಕ್ಷಿ. ಜಗಲಿಯ ಮೇಲೋ ದೇವಾಲಯದ ಅಂಗಳದಲ್ಲಿಯೋ ಮರಳನ್ನು ಹರಡಿ, ಮಗುವಿನ ಬೆರಳನ್ನು ಐಗಳು ತಮ್ಮ ಕೈಯಲ್ಲಿ ಹಿಡಿದು ಓನಾಮವನ್ನು ತಿದ್ದಿಸುತ್ತಿದ್ದರು. ಮಗುವು ಅಕ್ಷರವನ್ನು ಕಣ್ಣಿನಿಂದ ನೋಡುತ್ತಿದ್ದಿತು, ಬಾಯಿಂದ ಉಚ್ಚರಿಸುತ್ತಿದ್ದಿತು, ಕಿವಿಯಿಂದ ಕೇಳುತ್ತಿದ್ದಿತು, ಬೆರಳ ತುದಿಯಿಂದ ಮುಟ್ಟುತ್ತಿದ್ದಿತು. ನಾಲ್ಕು ದ್ವಾರಗಳಿಂದ ಒಂದೇ ಅಕ್ಷರವು ಒಳಹೊಗುವ ಈ ಕ್ರಮದ ಮರ್ಮವನ್ನು ಐಗಳು ಶಾಸ್ತ್ರವಾಗಿ ಬರೆದಿಡಲಿಲ್ಲ, ರೂಢಿಯಿಂದ ನಡೆಯಿಸಿದರು.

ಆದರೂ ಕೂಲಿಮಠವನ್ನು ಮಿತಿಮೀರಿ ಹೊಗಳುವುದು ಸತ್ಯಕ್ಕೆ ದೂರವಾಗುವುದು. ಅಲ್ಲಿ ಬೆತ್ತವಿದ್ದಿತು, ಕೋದಂಡವಿದ್ದಿತು. ಅರ್ಥವಿಲ್ಲದ ಬಾಯಿಪಾಠವೂ ಯಥೇಚ್ಛವಾಗಿದ್ದಿತು. ಹೆಣ್ಣುಮಕ್ಕಳು ಬಹುಮಟ್ಟಿಗೆ ಹೊರಗುಳಿದರು. ಕೆಳಗಿನವರೆಂದು ಎಣಿಸಲ್ಪಟ್ಟ ಜಾತಿಗಳ ಮಕ್ಕಳು ಹೊರಗುಳಿದರು. ಅಂಗದಲ್ಲಿಯೋ ಇಂದ್ರಿಯದಲ್ಲಿಯೋ ಊನವುಳ್ಳ ಮಗುವಂತೂ ಅಲ್ಲಿಗೆ ಬರಬೇಕೆಂಬ ಭಾವನೆಯೇ ಯಾರಿಗೂ ಹುಟ್ಟಲಿಲ್ಲ. ಅದು ಮನೆಯ ಮೂಲೆಯಲ್ಲಿ ಬೆಳೆಯಿತು. ಪೂರ್ವಜನ್ಮದ ಕರ್ಮವೆಂಬ ಒಂದು ಮಾತಿನಿಂದ ಎಲ್ಲರೂ ತಮ್ಮ ಹೊಣೆಯನ್ನು ಇಳಿಸಿಕೊಂಡರು. ಶರಣರು ಸಾರಿದ ಸಮತೆಯು ಈ ಮೂಲೆಯವರೆಗೆ ತಲಪಲಿಲ್ಲವೆಂಬುದನ್ನು ಸಂಕೋಚವಿಲ್ಲದೆ ಒಪ್ಪಿಕೊಳ್ಳುವುದೇ ಧರ್ಮ.

ಈ ಮೂಲೆಯಲ್ಲಿ ಕುಳಿತ ಮಗುವಿನ ಕಡೆಗೆ ಶಾಸ್ತ್ರದೃಷ್ಟಿಯು ಮೊದಲು ತಿರುಗಿದುದು ಪಶ್ಚಿಮ ದೇಶಗಳಲ್ಲಿ. ಫ್ರಾನ್ಸಿನ ಆವೆರಾನ್ ಸೀಮೆಯ ಕಾಡಿನಲ್ಲಿ ಒಂಟಿಯಾಗಿ ಅಲೆಯುತ್ತಿದ್ದ, ಮಾತು ಬಾರದ ಹುಡುಗನೊಬ್ಬನನ್ನು ೧೮೦೦ರಲ್ಲಿ ಪ್ಯಾರಿಸ್ ನಗರಕ್ಕೆ ಕರೆತಂದರು. ಅಲ್ಲಿಯ ಕಿವುಡರ ವಿದ್ಯಾಶಾಲೆಯ ವೈದ್ಯನಾದ ಇಟಾರ್ ಎಂಬಾತನು ಅವನಿಗೆ ಕಲಿಸಲು ಕೆಲವು ವರ್ಷ ಶ್ರಮಿಸಿದನು. ಹುಡುಗನು ಮಾತನ್ನು ಕಲಿಯಲಿಲ್ಲ. ಆದರೆ ಸ್ಪರ್ಶ, ರುಚಿ, ದೃಷ್ಟಿಗಳನ್ನು ಕ್ರಮವಾಗಿ ತಿದ್ದಿದರೆ ಮನಸ್ಸು ಎಚ್ಚರಗೊಳ್ಳುವುದೆಂಬುದು ಇಟಾರನಿಗೆ ಮನದಟ್ಟಾಯಿತು. ಅವನ ಶಿಷ್ಯನಾದ ಸೆಗೆನ್ ಎಂಬಾತನು ಬುದ್ಧಿಯ ಬೆಳವಣಿಗೆ ಕುಂಠಿತವಾದ ಮಕ್ಕಳಿಗೆ ಇದೇ ಮಾರ್ಗವನ್ನು ವಿಸ್ತರಿಸಿ, ಮುಂದೆ ಅಮೆರಿಕಾ ದೇಶಕ್ಕೆ ಹೋಗಿ ಅಲ್ಲಿಯೂ ಅದನ್ನು ಹಬ್ಬಿಸಿದನು.

ಅರ್ಧಶತಮಾನಕ್ಕೂ ಹೆಚ್ಚು ಕಾಲ ಕಳೆದ ಮೇಲೆ ಇಟಲಿಯ ವೈದ್ಯೆಯಾದ ಮರಿಯಾ ಮಾಂಟೆಸೊರಿಯು ಇಂತಹ ಮಕ್ಕಳ ನಡುವೆ ಕೆಲಸ ಮಾಡುತ್ತ, ಇಟಾರ್ ಮತ್ತು ಸೆಗೆನ್ನರ ಗ್ರಂಥಗಳನ್ನು ತನ್ನ ಕೈಯಿಂದಲೇ ಇಟಲಿಯ ಭಾಷೆಗೆ ಬರೆದುಕೊಂಡು ಮನನಮಾಡಿದಳು. ಮಂದಮತಿಗಳೆಂದು ಕೈಬಿಟ್ಟ ಮಕ್ಕಳಿಗೆ ಫಲಿಸಿದ ಈ ಕ್ರಮವು ಉಳಿದ ಮಕ್ಕಳಿಗೆ ಏಕೆ ಫಲಿಸಬಾರದೆಂಬ ಯೋಚನೆಯಿಂದ ೧೯೦೭ರಲ್ಲಿ ರೋಮ್ ನಗರದ ಬಡವರ ಕೇರಿಯಲ್ಲಿ ಶಿಶುಗೃಹವನ್ನು ತೆರೆದಳು. ಉಪ್ಪುಕಾಗದದಿಂದ ಕತ್ತರಿಸಿದ ಅಕ್ಷರದ ಮೇಲೆ ಮಗುವು ಬೆರಳಾಡಿಸಿ ಅಕ್ಷರವನ್ನರಿಯುವುದು ಅಲ್ಲಿಯ ಮುಖ್ಯ ಉಪಾಯಗಳಲ್ಲೊಂದು. ಹರದನಹಳ್ಳಿಯ ಕೂಸು ಮರಳಿನಲ್ಲಿ ಓನಾಮ ತಿದ್ದುತ್ತಿದ್ದುದಕ್ಕೂ ಇದಕ್ಕೂ ಇರುವ ಸಾಮ್ಯವು ಯಾರಿಗಾದರೂ ಕಾಣುವುದು. ಭೇದವೂ ಅಷ್ಟೇ ಸ್ಪಷ್ಟವಾಗಿದೆ. ಐಗಳಲ್ಲಿ ರೂಢಿಯಿದ್ದಿತು, ಮಾಂಟೆಸೊರಿಯಲ್ಲಿ ಪರೀಕ್ಷೆಯಿದ್ದಿತು. ಯಾವ ಮಗುವಿಗೆ ಯಾವುದು ಏಕೆ ಫಲಿಸಿತೆಂದು ಅವಳು ಬರೆದಿಟ್ಟಳು. ಅದರಿಂದ ಅವಳ ಅನುಭವವು ಇನ್ನೊಬ್ಬ ಗುರುವಿಗೆ ದಾಟಿತು. ಇಂದು ಶಾಲೆ ಸೇರುವ ಪ್ರತಿಯೊಂದು ಆರೋಗ್ಯವಂತ ಶಿಶುವೂ, ಒಂದು ಕಾಲದಲ್ಲಿ ಲೋಕವು ತಿರಸ್ಕರಿಸಿದ ಮಕ್ಕಳಿಗೆ ಈ ರೀತಿಯಲ್ಲಿ ಋಣಿಯಾಗಿರುವುದು.

ಭಾರತದಲ್ಲಿ ಕಿವುಡಮಕ್ಕಳಿಗಾಗಿ ಮುಂಬಯಿಯಲ್ಲಿ ೧೮೮೫ರಲ್ಲಿಯೂ, ಅಂಧರಿಗಾಗಿ ಅಮೃತಸರದಲ್ಲಿ ೧೮೮೭ರಲ್ಲಿಯೂ ಶಾಲೆಗಳು ಹುಟ್ಟಿದವು. ೧೮೯೩ರಲ್ಲಿ ಕಲ್ಕತ್ತೆಯಲ್ಲಿಯೂ ಕಿವುಡರ ಶಾಲೆಯಾಯಿತು. ಮೈಸೂರು ಸಂಸ್ಥಾನವು ಇವುಗಳಿಗೆ ಬಹಳ ಹಿಂದೆ ಬೀಳಲಿಲ್ಲ. ೧೯೦೧ರಲ್ಲಿ ಎಂ. ಶ್ರೀನಿವಾಸರಾಯರ ಪ್ರಯತ್ನದಿಂದ ಮೈಸೂರು ನಗರದಲ್ಲಿ ಅಂಧರಿಗೂ ಕಿವುಡರಿಗೂ ಶಾಲೆಯು ಪ್ರಾರಂಭವಾಯಿತು. ಕನ್ನಡದ ಅಕ್ಷರಗಳನ್ನು ಬ್ರೈಲ್ ಚುಕ್ಕೆಗಳಿಗೆ ಅಳವಡಿಸಿದ ಕೀರ್ತಿಯೂ ಶ್ರೀನಿವಾಸರಾಯರಿಗೆ ಸಲ್ಲುವುದು. ಫ್ರಾನ್ಸಿನ ಲೂಯಿ ಬ್ರೈಲನು ಬಾಲ್ಯದಲ್ಲಿ ತಂದೆಯ ಚರ್ಮದ ಕೆಲಸದ ದಬ್ಬಳದಿಂದ ಗಾಯಗೊಂಡು ಕಣ್ಣು ಕಳೆದುಕೊಂಡವನು. ೧೮೨೯ರಲ್ಲಿ ಅವನು ಪ್ರಕಟಿಸಿದ ಆರು ಚುಕ್ಕೆಗಳ ಲಿಪಿಯು ಬೆರಳಿಗೆ ಕಣ್ಣನ್ನು ಕೊಟ್ಟಿತು. ಭಾರತೀಯ ಭಾಷೆಗಳಿಗೆಲ್ಲ ಹೊಂದುವ ಭಾರತಿ ಬ್ರೈಲ್ ೧೯೫೧ರಲ್ಲಿ ಏರ್ಪಟ್ಟಿತು. ಅದಕ್ಕೆ ಐವತ್ತು ವರ್ಷಗಳ ಹಿಂದೆಯೇ ಮೈಸೂರಿನಲ್ಲಿ ಅಂಧಬಾಲಕರಿಗೆ ಶಾಲೆಯು ತೆರೆದಿದ್ದಿತೆಂಬುದನ್ನು ಈ ಸೀಮೆಯ ಜನರು ಮರೆಯಲಾಗದು. ಚಾಮರಾಜನಗರ, ಗುಂಡ್ಲುಪೇಟೆ ತಾಲ್ಲೂಕುಗಳು ಆಗ ಮೈಸೂರು ಜಿಲ್ಲೆಗೆ ಸೇರಿದ್ದುದರಿಂದ, ಇಲ್ಲಿಯ ಹಳ್ಳಿಗಳ ಮಟ್ಟಿಗೆ ಅತಿ ಸಮೀಪದ ವಿಶೇಷಶಾಲೆಯೆಂದರೆ ಅದೇ. ಸಮೀಪವೆಂದರೂ ಅರುವತ್ತು ಕಿಲೋಮೀಟರಿನಷ್ಟು ದಾರಿ. ತಾಯಿಯನ್ನು ಬಿಟ್ಟಿರಲಾರದ ಕೂಸಿಗೆ ಅದು ಪರದೇಶವೇ ಸರಿ.

ಮಠಗಳ ಕಡೆಯಿಂದಲೂ ಈ ವಿಷಯದಲ್ಲಿ ಒಂದು ಉಜ್ವಲವಾದ ಉದಾಹರಣೆಯುಂಟು. ಬಾಲ್ಯದಲ್ಲಿಯೇ ದೃಷ್ಟಿಹೀನರಾಗಿದ್ದ ಪಂಚಾಕ್ಷರಿ ಗವಾಯಿಗಳು (೧೮೯೨–೧೯೪೪) ಹಾನಗಲ್ಲ ಶ್ರೀ ಕುಮಾರಸ್ವಾಮಿಗಳ ಕೃಪೆಯಿಂದ ಸಂಗೀತವನ್ನು ಕಲಿತು, ತಮ್ಮಂತೆಯೇ ಕಣ್ಣಿಲ್ಲದ ಅನಾಥಬಾಲಕರನ್ನು ಕೂಡಿಸಿಕೊಂಡು ಪಾಠ ಹೇಳಿದರು. ಗದಗಿನ ವೀರೇಶ್ವರ ಪುಣ್ಯಾಶ್ರಮವು ಅವರ ತಪಸ್ಸಿನ ಫಲ. ಅವರ ಶಿಷ್ಯರಾದ ಪುಟ್ಟರಾಜ ಗವಾಯಿಗಳು (೧೯೧೪–೨೦೧೦), ತಾವೂ ಅಂಧರಾಗಿದ್ದುಕೊಂಡು, ಆ ಆಶ್ರಮವನ್ನು ದೀರ್ಘಕಾಲ ನಡೆಯಿಸಿದರು. ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಪುಣ್ಯಾಶ್ರಮವು ಮಕ್ಕಳಿಗೆ ಅನ್ನವಸ್ತ್ರಗಳನ್ನು ಮಾತ್ರ ಕೊಡಲಿಲ್ಲ; ವಿದ್ಯೆಯನ್ನು, ಅದರಲ್ಲಿಯೂ ಶ್ರೇಷ್ಠವಾದ ವಿದ್ಯೆಯನ್ನು ಕೊಟ್ಟಿತು. ಕರುಣೆಯಿಂದ ಹೊಟ್ಟೆ ತುಂಬುವುದು. ವಿದ್ಯೆಯಿಂದ ಮನುಷ್ಯನು ತನ್ನ ಕಾಲಿನ ಮೇಲೆ ನಿಲ್ಲುವನು. ಕಾಯಕತತ್ತ್ವದ ಅರ್ಥವೂ ಇದೇ ಅಲ್ಲವೆ?

ಶಿಶುಶಿಕ್ಷಣದ ಕಡೆಗೆ ತಿರುಗಿದರೆ, ಅದರ ಗತಿಯು ಇನ್ನೂ ನಿಧಾನವಾಗಿದ್ದಿತೆಂದು ಹೇಳಬೇಕಾಗುವುದು. ಮೈಸೂರು ಸಂಸ್ಥಾನವು ೧೯೧೩ರಲ್ಲಿ ಪ್ರಾಥಮಿಕ ಶಿಕ್ಷಣದ ಶಾಸನವನ್ನು ಮಾಡಿತು. ೧೯೧೬ರಲ್ಲಿ ವಿಶ್ವವಿದ್ಯಾನಿಲಯವನ್ನೇ ಸ್ಥಾಪಿಸಿತು. ಆದರೆ ಶಾಲೆಯ ವಯಸ್ಸಿಗೆ ಬಾರದ ಶಿಶುವು ತಾಯಿಯ ಪಾಲಿಗೆ ಸೇರಿದುದೆಂದೇ ಎಲ್ಲರೂ ಭಾವಿಸಿದ್ದರು. ಗುಜರಾತಿನ ಭಾವನಗರದಲ್ಲಿ ಗಿಜುಭಾಯಿಯವರು ೧೯೨೦ರಲ್ಲಿ ಬಾಲಮಂದಿರವನ್ನು ತೆರೆದರು. ತಾರಾಬಾಯಿ ಮೋಡಕರು ಅವರೊಡನೆ ದುಡಿದು, ಮುಂದೆ ಮಹಾರಾಷ್ಟ್ರದ ಕರಾವಳಿಯ ಬಡಮಕ್ಕಳ ಅಂಗಳಕ್ಕೇ ಶಾಲೆಯನ್ನು ಕೊಂಡೊಯ್ದರು; ಅಂಗನವಾಡಿಯೆಂಬ ಕಲ್ಪನೆಯು ಅಲ್ಲಿಂದ ಬೆಳೆಯಿತು. ಮಾಂಟೆಸೊರಿಯವರು ೧೯೩೯ರಲ್ಲಿ ಮದರಾಸಿನ ಅಡಯಾರಿಗೆ ಬಂದು, ಯುದ್ಧಕಾಲವೆಲ್ಲ ಭಾರತದಲ್ಲಿಯೇ ಉಳಿದು, ಅನೇಕ ಅಧ್ಯಾಪಕರನ್ನು ತರಬೇತುಗೊಳಿಸಿದರು.

ಇದೇ ಕಾಲದಲ್ಲಿ ಕನ್ನಡದ ಶಿಶುಗಳಿಗೆ ಉಪಕಾರ ಮಾಡಿದವರಲ್ಲಿ ಜಿ. ಪಿ. ರಾಜರತ್ನಂ ಅವರು ಅಗ್ರಗಣ್ಯರು. ಅವರ ಹೆಸರಿನ ಮೊದಲಲ್ಲಿರುವ ಗುಂಡ್ಲು ಪಂಡಿತ ಎಂಬ ಮನೆತನದ ಹೆಸರು ಗುಂಡ್ಲುಪೇಟೆಯ ನೆನಪನ್ನು ಹೊತ್ತಿದೆ. ಕನ್ನಡದಲ್ಲಿ ಎಂ.ಎ. ಪದವಿಯನ್ನು ಪಡೆದ ಈ ವಿದ್ವಾಂಸರು ಚಿಕ್ಕಮಕ್ಕಳ ಶಾಲೆಯಲ್ಲಿ ಪಾಠ ಹೇಳಿದರು. ಮಕ್ಕಳ ಬಾಯಿಗೆ ಹೊಂದುವ ಪದ್ಯಗಳು ಸಾಲವೆಂದು ಕಂಡು ತಾವೇ ರಚಿಸಿದರು. ಉನ್ನತ ಪದವಿಯು ಅವರನ್ನು ಕೂಸಿನಿಂದ ದೂರಮಾಡಲಿಲ್ಲ. ಕೂಸಿನ ಬಾಯಿಗೆ ಎಂತಹ ಪದವು ಸಲ್ಲುವುದು, ಎಂತಹ ಲಯವು ನಿಲ್ಲುವುದು ಎಂಬ ವಿವೇಕಕ್ಕೆ ಆ ಪಾಂಡಿತ್ಯವೇ ನೆರವಾಯಿತು. ಚಿಕ್ಕಮಕ್ಕಳಿಗೆ ಪಾಠ ಹೇಳಲು ಹೆಚ್ಚು ಓದಿದವರೇಕೆ ಬೇಕೆಂದು ಕೇಳುವವರಿಗೆ ಈ ಒಂದು ನಿದರ್ಶನವೇ ಸಾಕಾದ ಉತ್ತರ.

ಸ್ವಾತಂತ್ರ್ಯಾನಂತರದಲ್ಲಿ ಅಧ್ಯಾಪಕರ ಉನ್ನತ ವ್ಯಾಸಂಗಕ್ಕೆ ಮೈಸೂರು ನಗರವು ದಕ್ಷಿಣಭಾರತದ ಮುಖ್ಯ ಕ್ಷೇತ್ರಗಳಲ್ಲೊಂದಾಯಿತು. ೧೯೬೩ರಲ್ಲಿ ಪ್ರಾದೇಶಿಕ ಶಿಕ್ಷಣ ಮಹಾವಿದ್ಯಾಲಯವು ಸ್ಥಾಪಿತವಾಯಿತು. ಅದೇ ಇಂದಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆ. ೧೯೬೫ರಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯು ಮಾನಸಗಂಗೋತ್ರಿಯ ಬಳಿಯಲ್ಲಿ ಹುಟ್ಟಿತು. ಕಿವಿ ಮತ್ತು ಮಾತಿನ ದೋಷಗಳ ಪರೀಕ್ಷೆ, ಚಿಕಿತ್ಸೆ, ಶಿಕ್ಷಣ ಇವೆಲ್ಲವನ್ನೂ ಒಂದೇ ಆವರಣದಲ್ಲಿ ಕೂಡಿಸಿಕೊಂಡಿರುವ ಈ ಸಂಸ್ಥೆಯಲ್ಲಿ ಶ್ರವಣದೋಷವುಳ್ಳ ಮಕ್ಕಳ ಅಧ್ಯಾಪಕರಿಗಾಗಿ ವಿಶೇಷಶಿಕ್ಷಣದ ಬಿ.ಎಡ್. ಮತ್ತು ಎಂ.ಎಡ್. ವ್ಯಾಸಂಗಗಳು ಏರ್ಪಟ್ಟವು. ಅಲ್ಲಿಯ ಶಾಲಾಪೂರ್ವ ತರಗತಿಗಳಲ್ಲಿ ಪುಟ್ಟ ಮಕ್ಕಳಿಗೆ ಮಾತಿನ ಅಭ್ಯಾಸವು ನಡೆಯುತ್ತದೆ. ಶಿಶುಶಿಕ್ಷಣ, ವಿಶೇಷಶಿಕ್ಷಣಗಳೆರಡೂ ಒಂದೇ ಚಾಪೆಯ ಮೇಲೆ ಕುಳಿತಿರುವುದನ್ನು ಅಲ್ಲಿ ನೋಡಬಹುದು.

ಈ ಉನ್ನತ ವ್ಯಾಸಂಗದಲ್ಲಿ ಕಲಿಯುವುದಾದರೂ ಏನು? ಪದವಿಯ ಮೇಲೆ ಎರಡು ವರ್ಷ ವಿಶೇಷಶಿಕ್ಷಣದ ಬಿ.ಎಡ್., ಅದರ ಮೇಲೆ ಎರಡು ವರ್ಷ ಎಂ.ಎಡ್. ಎಂಬುದು ಈಗಿನ ಕ್ರಮ. ಮಗುವಿನ ದೇಹವೂ ಬುದ್ಧಿಯೂ ಬೆಳೆಯುವ ಬಗೆ, ಕಲಿಕೆಯ ಮನಶ್ಶಾಸ್ತ್ರ, ದೋಷವನ್ನು ಗುರುತಿಸಿ ಅಳೆಯುವ ವಿಧಾನ, ಪಠ್ಯವನ್ನು ಮಗುವಿಗೆ ತಕ್ಕಂತೆ ಮಾರ್ಪಡಿಸುವ ಉಪಾಯ, ಸಂಶೋಧನೆಯ ಕ್ರಮ ಇವು ಮುಖ್ಯ ವಿಷಯಗಳು. ಶಾಲೆಯಲ್ಲಿ ಅಭ್ಯಾಸಪಾಠವೂ, ಕಡೆಯಲ್ಲಿ ಒಂದು ಪ್ರಬಂಧವೂ ಇರುವುವು. ಪ್ರತಿಯೊಂದು ಮಗುವಿಗೂ ಪ್ರತ್ಯೇಕವಾದ ಪಾಠಯೋಜನೆಯನ್ನು ಬರೆಯುವುದು ಈ ಶಾಸ್ತ್ರದ ಜೀವಾಳ. ಮಗುವಿಗೆ ಇಂದು ಏನು ಬರುತ್ತದೆ, ಮೂರು ತಿಂಗಳಲ್ಲಿ ಏನು ಬರಬೇಕು, ಅದಕ್ಕೆ ಯಾವ ಸಾಧನ, ಬಂದಿತೆಂಬುದಕ್ಕೆ ಯಾವ ಗುರುತು ಎಂಬುದನ್ನೆಲ್ಲ ಅದರಲ್ಲಿ ನಮೂದಿಸುವರು. ಶಿಷ್ಯನ ಯೋಗ್ಯತೆಯನ್ನರಿತು ಉಪದೇಶಮಾಡಬೇಕೆಂಬ ಗುರುಪರಂಪರೆಯ ನಿಯಮಕ್ಕೆ ಇದು ವಿರೋಧವಾದುದಲ್ಲ. ಆ ನಿಯಮವನ್ನೇ ಲೆಕ್ಕದ ಪುಸ್ತಕದಲ್ಲಿ ಬರೆದಂತಾಗಿದೆ. ೧೯೯೨ರ ಶಾಸನದಿಂದ ಏರ್ಪಟ್ಟ ಭಾರತೀಯ ಪುನರ್ವಸತಿ ಪರಿಷತ್ತು ಈ ವ್ಯಾಸಂಗಗಳಿಗೆ ಮಾನ್ಯತೆ ಕೊಡುವುದು. ಅದರ ದಾಖಲೆಪುಸ್ತಕದಲ್ಲಿ ಹೆಸರಿಲ್ಲದವರು ವಿಶೇಷಶಿಕ್ಷಕರೆಂದು ವೃತ್ತಿ ನಡೆಯಿಸುವಂತಿಲ್ಲ.

ಸುತ್ತೂರು ಶ್ರೀ ವೀರಸಿಂಹಾಸನ ಮಹಾಸಂಸ್ಥಾನದ ಶಿವರಾತ್ರಿ ರಾಜೇಂದ್ರ ಮಹಾಸ್ವಾಮಿಗಳು ೧೯೫೪ರಲ್ಲಿ ಸ್ಥಾಪಿಸಿದ ಮಹಾವಿದ್ಯಾಪೀಠದ ಕಾಲೇಜುಗಳು ಚಾಮರಾಜನಗರ, ಗುಂಡ್ಲುಪೇಟೆಗಳಿಗೂ ಬಂದವು. ಅದೇ ವಿದ್ಯಾಪೀಠವು ಮೈಸೂರಿನಲ್ಲಿ ವಿಶೇಷಚೇತನ ತರುಣತರುಣಿಯರಿಗೆಂದೇ ೧೯೯೧ರಲ್ಲಿ ಪಾಲಿಟೆಕ್ನಿಕ್ಕನ್ನು ತೆರೆಯಿತು. ಈ ಸೀಮೆಯ ಹಳ್ಳಿಯ ಹುಡುಗಿಯೊಬ್ಬಳು ಊರಿನ ಸಮೀಪದಲ್ಲಿಯೇ ಬಿ.ಎ. ಪದವಿಯನ್ನು ಪಡೆಯುವುದು ಇಂತಹ ಕಾಲೇಜುಗಳಿಂದ ಸಾಧ್ಯವಾಯಿತು. ಉನ್ನತ ವ್ಯಾಸಂಗಕ್ಕೆ ಮೆಟ್ಟಿಲಿಲ್ಲದಿದ್ದರೆ ಮಾಳಿಗೆಯು ಎಷ್ಟು ಎತ್ತರವಿದ್ದರೇನು?

ಇತ್ತ ಹಳ್ಳಿಗಳಲ್ಲಿ ಶಿಶುಗಳ ಪಾಲಿಗೆ ದೊಡ್ಡ ತಿರುವು ಬಂದುದು ೧೯೭೫ರ ಅಕ್ಟೋಬರ್ ೨ರಂದು. ಭಾರತಸರ್ಕಾರವು ಅಂದು ಸಮಗ್ರ ಶಿಶು ಅಭಿವೃದ್ಧಿ ಯೋಜನೆಯನ್ನು ದೇಶದ ೩೩ ಕಡೆಗಳಲ್ಲಿ ಪ್ರಾರಂಭಿಸಿತು. ಕರ್ನಾಟಕದಲ್ಲಿ ಅದಕ್ಕೆ ಆರಿಸಲ್ಪಟ್ಟುದು ಚಾಮರಾಜನಗರಕ್ಕೆ ನೆರೆಯಲ್ಲಿಯೇ ಇರುವ ತಿರುಮಕೂಡಲು ನರಸೀಪುರ ತಾಲ್ಲೂಕು. ಪೌಷ್ಟಿಕ ಆಹಾರ, ಚುಚ್ಚುಮದ್ದು, ಆರೋಗ್ಯಪರೀಕ್ಷೆಗಳೊಡನೆ ಮೂರರಿಂದ ಆರು ವರ್ಷದವರೆಗಿನ ಮಕ್ಕಳಿಗೆ ಶಾಲಾಪೂರ್ವ ಶಿಕ್ಷಣವೂ ಅಂಗನವಾಡಿಯ ಕರ್ತವ್ಯವಾಯಿತು. ಅರಿಶಿನದ ಹೊಲಕ್ಕೋ ಹೂವಿನ ತೋಟಕ್ಕೋ ಕೂಲಿಗೆ ಹೋಗುವ ತಾಯಿಯು ಕೂಸನ್ನು ಹಿರಿಯ ಮಗಳ ಸೊಂಟಕ್ಕೇರಿಸಿ ಹೋಗುತ್ತಿದ್ದ ಸೀಮೆ ಇದು. ಅಂಗನವಾಡಿಯು ತೆರೆದ ಊರಿನಲ್ಲಿ ಕೂಸಿಗೆ ಪಾಠ ದೊರೆತುದಲ್ಲದೆ, ಅದನ್ನು ಹೊತ್ತು ತಿರುಗುತ್ತಿದ್ದ ಅಕ್ಕನಿಗೂ ಶಾಲೆಗೆ ಹೋಗಲು ಬಿಡುವು ದೊರೆಯಿತು.

ಬಂಡೀಪುರದ ಕಾಡಿನ ಆಚೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ೧೯೯೫ರಲ್ಲಿ ನಲಿಕಲಿ ಎಂಬ ಕ್ರಮವು ಹುಟ್ಟಿತು. ಪ್ರತಿಯೊಂದು ಮಗುವೂ ತನ್ನ ನಡಿಗೆಯಲ್ಲಿಯೇ ಕಲಿಕೆಯ ಮೆಟ್ಟಿಲುಗಳನ್ನೇರುವ ಈ ಪದ್ಧತಿಯನ್ನು ರೂಪಿಸಿದವರಲ್ಲಿ ಹಳ್ಳಿಶಾಲೆಯ ಉಪಾಧ್ಯಾಯರೇ ಮುಖ್ಯರಾಗಿದ್ದರು. ಅದು ಮುಂದೆ ರಾಜ್ಯದ ಶಾಲೆಗಳಿಗೆಲ್ಲ ಹಬ್ಬಿತು. ದೊಡ್ಡ ನಗರದಿಂದಲೇ ವಿದ್ಯೆಯು ಹರಿದುಬರಬೇಕೆಂಬ ನಿಯಮವಿಲ್ಲ. ಕಾಡಂಚಿನ ಶಾಲೆಯಿಂದಲೂ ಅದು ಮೇಲಕ್ಕೆ ಹರಿಯಬಲ್ಲದೆಂಬುದಕ್ಕೆ ಇದು ಸಾಕ್ಷಿ.

ಶಾಸನಗಳ ವಿಷಯವನ್ನು ಸಂಕ್ಷೇಪವಾಗಿ ಹೇಳಬಹುದು. ೧೯೯೫ರಲ್ಲಿ ಅಂಗವಿಕಲರ ಹಕ್ಕುಗಳಿಗೆ ಶಾಸನವಾಯಿತು. ೨೦೦೯ರ ಶಾಸನವು ಆರರಿಂದ ಹದಿನಾಲ್ಕು ವರ್ಷದ ಮಕ್ಕಳಿಗೆ ಶಿಕ್ಷಣವನ್ನು ಹಕ್ಕಾಗಿ ಕೊಟ್ಟಿತು. ೨೦೧೬ರ ಶಾಸನವು ಇಪ್ಪತ್ತೊಂದು ಬಗೆಯ ಊನಗಳನ್ನು ಗುರುತಿಸಿ, ಆರರಿಂದ ಹದಿನೆಂಟರವರೆಗೆ ನೆರೆಯ ಶಾಲೆಯಲ್ಲಾಗಲಿ ವಿಶೇಷಶಾಲೆಯಲ್ಲಾಗಲಿ ಇಷ್ಟಬಂದಲ್ಲಿ ಉಚಿತವಾಗಿ ಕಲಿಯುವ ಅಧಿಕಾರವನ್ನಿತ್ತಿತು. ಬ್ರೈಲ್ ಮತ್ತು ಸಂಜ್ಞಾಭಾಷೆಗಳನ್ನು ಬಲ್ಲ ಅಧ್ಯಾಪಕರನ್ನು ತರಬೇತುಗೊಳಿಸಿ ನೇಮಿಸಬೇಕೆಂದೂ ವಿಧಿಸಿತು. ೨೦೨೦ರ ರಾಷ್ಟ್ರೀಯ ಶಿಕ್ಷಣನೀತಿಯು ಮೂರರಿಂದ ಎಂಟು ವರ್ಷದವರೆಗಿನ ಕಾಲವನ್ನು ಒಂದೇ ಬುನಾದಿಯ ಹಂತವೆಂದು ಎಣಿಸಿತು.

ಈ ಶಾಸನಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದಾಗ ಒಂದು ಕೊರತೆಯು ಎದ್ದುಕಾಣುವುದು. ಹಕ್ಕು ಪ್ರಾರಂಭವಾಗುವುದು ಆರನೆಯ ವರ್ಷಕ್ಕೆ. ಊನವು ತನ್ನ ಕೆಲಸವನ್ನು ಪ್ರಾರಂಭಿಸುವುದು ಹುಟ್ಟಿದಂದಿನಿಂದ. ಮಗುವು ಮಾತನ್ನು ಕಲಿಯುವುದು ಮೊದಲಿನ ಕೆಲವೇ ವರ್ಷಗಳಲ್ಲಿ. ಕಿವಿ ಕೇಳದ ಕೂಸನ್ನು ಹಸುಗೂಸಾಗಿರುವಾಗಲೇ ಗುರುತಿಸಿ ಶ್ರವಣಸಾಧನವನ್ನೋ ಸಂಜ್ಞೆಯ ಭಾಷೆಯನ್ನೋ ಒದಗಿಸಿದರೆ ಅದರ ಬುದ್ಧಿಗೆ ಭಾಷೆಯೆಂಬ ಆಧಾರವು ದೊರೆಯುವುದು. ತಡವಾಗಿ ಮಾತು ಬರುವುದು ಮನೆತನದ ರೂಢಿಯೆಂದು ಕಾದು, ಆರನೆಯ ವರ್ಷದಲ್ಲಿ ಶಾಲೆಗೆ ಸೇರಿಸಿದ ಮೇಲೆ ಗುರುತಿಸಿದರೆ, ಕಳೆದುಹೋದ ವರ್ಷಗಳನ್ನು ಯಾವ ಎಂ.ಎಡ್. ಪದವೀಧರನೂ ಪೂರ್ತಿಯಾಗಿ ಹಿಂದಿರುಗಿಸಲಾರನು. ಸಂವಿಧಾನವು ಆರು ವರ್ಷದೊಳಗಿನ ಶಿಶುಗಳ ಪಾಲನೆಯನ್ನೂ ಶಿಕ್ಷಣವನ್ನೂ ರಾಜ್ಯಕ್ಕೆ ನಿರ್ದೇಶಿಸಿದೆಯೇ ಹೊರತು ಹಕ್ಕನ್ನಾಗಿ ಕೊಟ್ಟಿಲ್ಲ. ಆದುದರಿಂದ ಅಂಗನವಾಡಿಯ ಕಾರ್ಯಕರ್ತೆಯೇ ಈ ವಿಷಯದಲ್ಲಿ ಮೊದಲ ಕಾವಲುಗಾರ್ತಿ. ೨೦೨೩ರ ನವೆಂಬರಿನಲ್ಲಿ ಕೇಂದ್ರಸರ್ಕಾರವು ಅಂಗನವಾಡಿಗಳಲ್ಲಿ ಊನವುಳ್ಳ ಮಕ್ಕಳನ್ನು ಗುರುತಿಸಿ ಸೇರಿಸಿಕೊಳ್ಳುವ ಕ್ರಮವನ್ನು ಪ್ರಕಟಿಸಿದುದು ಈ ದಿಕ್ಕಿನಲ್ಲಿ ಒಂದು ಹೆಜ್ಜೆ. ಆದರೆ ಅಂಗನವಾಡಿಯ ಕಾರ್ಯಕರ್ತೆಗೆ ದೊರೆಯುವುದು ಸಂಬಳವಲ್ಲ, ಗೌರವಧನ. ಲೋಕದಲ್ಲಿ ಪಾಠ ಹೇಳಿಸಿಕೊಳ್ಳುವವರು ದೊಡ್ಡವರಾದಷ್ಟೂ ಹೇಳುವವರ ವೇತನವು ಹೆಚ್ಚುತ್ತದೆ. ಬುನಾದಿಯ ಕಲ್ಲುಕೆಲಸದವನಿಗೆ ಕಡಿಮೆ, ಕಳಶಕ್ಕೆ ಮೆರುಗು ಕೊಡುವವನಿಗೆ ಹೆಚ್ಚು ಎಂಬ ಈ ನ್ಯಾಯವು ವಿಚಾರಾರ್ಹವಾಗಿದೆ.

ವಿದ್ವಾಂಸರಲ್ಲಿಯೂ ಈ ವಿಷಯಗಳಲ್ಲಿ ಏಕಾಭಿಪ್ರಾಯವಿಲ್ಲ. ೧೮೮೦ರಲ್ಲಿ ಮಿಲಾನ್ ನಗರದಲ್ಲಿ ಕೂಡಿದ ಅಧ್ಯಾಪಕರ ಸಭೆಯು ಕಿವುಡರಿಗೆ ತುಟಿಯ ಮಾತನ್ನೇ ಕಲಿಸತಕ್ಕದ್ದು, ಸಂಜ್ಞೆಗಳು ಕೂಡದು ಎಂದು ನಿರ್ಣಯಿಸಿತು. ಅದರಿಂದ ನೂರು ವರ್ಷಗಳಿಗೂ ಮೀರಿ ಅಸಂಖ್ಯ ಮಕ್ಕಳ ಕೈಗಳು ಕಟ್ಟಲ್ಪಟ್ಟವು. ೨೦೧೦ರಲ್ಲಿ ವ್ಯಾಂಕೂವರ್ ನಗರದಲ್ಲಿ ಸೇರಿದ ಅದೇ ಪರಂಪರೆಯ ಸಭೆಯು ಆ ನಿರ್ಣಯಗಳನ್ನು ತಿರಸ್ಕರಿಸಿ ವಿಷಾದವನ್ನು ಸೂಚಿಸಿತು. ಭಾರತದಲ್ಲಿ ೨೦೧೫ರಲ್ಲಿ ಸಂಜ್ಞಾಭಾಷೆಯ ಸಂಶೋಧನೆಗೂ ತರಬೇತಿಗೂ ದೆಹಲಿಯಲ್ಲಿ ಕೇಂದ್ರವೇರ್ಪಟ್ಟಿತು. ವಿಶೇಷಶಾಲೆಯೇ ಮೇಲೋ, ಎಲ್ಲ ಮಕ್ಕಳೂ ಕೂಡಿ ಕಲಿಯುವ ಸಾಮಾನ್ಯಶಾಲೆಯೇ ಮೇಲೋ ಎಂಬ ಚರ್ಚೆಯೂ ಹೀಗೆಯೇ ನಡೆದಿದೆ. ವಿಶೇಷಶಾಲೆಯಲ್ಲಿ ನುರಿತ ಗುರುವೂ ಸಾಧನಗಳೂ ಇರುವುವು. ಆದರೆ ಮಗುವು ಮನೆಯನ್ನು ಬಿಡಬೇಕು. ಸಾಮಾನ್ಯಶಾಲೆಯಲ್ಲಿ ಊರಿನ ಗೆಳೆಯರಿರುವರು. ಆದರೆ ಕಲಿಸಬಲ್ಲ ಗುರುವಿಲ್ಲದಿದ್ದರೆ ಮಗುವು ಮನೆಯ ಮೂಲೆಯನ್ನು ಬಿಟ್ಟು ತರಗತಿಯ ಮೂಲೆಯಲ್ಲಿ ಕುಳಿತಂತಾಗುವುದು. ಸರ್ವಶಿಕ್ಷಣ ಅಭಿಯಾನದ ಕಾಲದಿಂದ ಶಾಲೆಯಿಂದ ಶಾಲೆಗೆ ತಿರುಗುವ ಸಂಪನ್ಮೂಲ ಶಿಕ್ಷಕರನ್ನು ನೇಮಿಸಿದುದೂ, ಎದ್ದು ಓಡಾಡಲಾರದ ಮಗುವಿಗೆ ಮನೆಯಲ್ಲಿಯೇ ಪಾಠ ಹೇಳುವ ಏರ್ಪಾಡಾದುದೂ ಈ ಎರಡು ಪಕ್ಷಗಳ ನಡುವಿನ ದಾರಿ. ಆದರೆ ಒಬ್ಬ 'ಶಿಕ್ಷಕನ ಪಾಲಿಗೆ ಅನೇಕ ಶಾಲೆಗಳು ಬಂದರೆ, ಒಂದೊಂದು ಮಗುವಿನ ಪಾಲಿಗೆ ಬರುವ ಕಾಲವು ಅತ್ಯಲ್ಪ.

ಹೆಸರುಗಳ ಇತಿಹಾಸವೂ ಇಲ್ಲಿ ಉಲ್ಲೇಖಾರ್ಹ. ಕುರುಡ, ಕುಂಟ, ಮೂಗ ಎಂಬ ಮಾತುಗಳನ್ನು ಬಿಟ್ಟು ಅಂಗವಿಕಲರೆಂದರು, ಅನಂತರ ವಿಕಲಚೇತನರೆಂದರು, ಈಗ ವಿಶೇಷಚೇತನರು, ದಿವ್ಯಾಂಗರು ಎನ್ನುವರು. ಹೆಸರಿನ ಗೌರವವು ಬೇಕಾದುದೇ. ಆದರೆ ಹೆಸರು ನಾಲ್ಕು ಸಲ ಬದಲಾಗಿಯೂ ಶಾಲೆಯ ಬಾಗಿಲಿಗೆ ಗಾಲಿಕುರ್ಚಿಯು ಏರುವ ಇಳಿಜಾರು ಒಂದು ಸಲವೂ ಆಗದಿದ್ದರೆ ಆ ಗೌರವವು ಬಾಯಿಮಾತಾಗುವುದು.

ಚಾಮರಾಜನಗರ ಜಿಲ್ಲೆಯ ಸ್ಥಿತಿಯಲ್ಲಿ ಕೆಲವು ವಿಶೇಷಗಳುಂಟು. ೨೦೧೧ರ ಜನಗಣತಿಯಲ್ಲಿ ಈ ಜಿಲ್ಲೆಯ ಜನಸಂಖ್ಯೆ ಹತ್ತು ಲಕ್ಷ ಇಪ್ಪತ್ತು ಸಾವಿರಕ್ಕೆ ಮೇಲ್ಪಟ್ಟಿದ್ದಿತು. ಸಾಕ್ಷರತೆಯು ನೂರಕ್ಕೆ ೬೧.೪೩, ಇಡೀ ರಾಜ್ಯದ್ದು ೭೫.೩೬. ಜಿಲ್ಲೆಯ ಬಹುಭಾಗವು ಕಾಡು. ಬಿಳಿಗಿರಿರಂಗನ ಬೆಟ್ಟ, ಮಲೆಮಹದೇಶ್ವರ ಬೆಟ್ಟ, ಬಂಡೀಪುರದ ಅಂಚುಗಳಲ್ಲಿ ಸೋಲಿಗರೂ ಜೇನುಕುರುಬರೂ ವಾಸಿಸುವರು. ಡಾ. ಎಚ್. ಸುದರ್ಶನ್ ಅವರು ೧೯೮೧ರಲ್ಲಿ ಬಿಳಿಗಿರಿರಂಗನ ಬೆಟ್ಟದಲ್ಲಿ ಸ್ಥಾಪಿಸಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವು ಸೋಲಿಗರ ಮಕ್ಕಳಿಗೆ ಶಾಲೆಯನ್ನು ನಡೆಯಿಸುತ್ತಿದೆ. ಹಾಡಿಯ ಕೂಸಿನ ಮನೆಮಾತು ಪುಸ್ತಕದ ಕನ್ನಡವಲ್ಲ. ಅದು ಉತ್ತರ ಹೇಳದಿದ್ದಾಗ ಬುದ್ಧಿಯ ಕೊರತೆಯೋ, ಕಿವಿಯ ಕೊರತೆಯೋ, ಕೇಳಿದ ಮಾತೇ ಅದಕ್ಕೆ ಹೊಸದೋ ಎಂಬುದನ್ನು ವಿವೇಚಿಸಬಲ್ಲ ಗುರುವು ಬೇಕು. ಇಂತಹ ವಿವೇಚನೆಗೇ ಉನ್ನತ ವ್ಯಾಸಂಗವು ಅವಶ್ಯಕ. ಪರೀಕ್ಷೆಯ ಹಾಳೆಯನ್ನು ಓದಲು ಮಾತ್ರ ಬಲ್ಲವನು ಹಾಡಿಯ ಜಾಣಮಗುವನ್ನು ಮಂದನೆಂದು ಬರೆಯುವ ಅಪಾಯವುಂಟು. ಆ ಬರಹವು ಮಗುವಿನ ಬಾಳಿಗೆ ಅಂಟಿಕೊಳ್ಳುವುದು.

ಚಾಮರಾಜನಗರದಿಂದ ಮೈಸೂರಿಗೆ ರೈಲಿನ ಅನುಕೂಲವುಂಟು. ಗುಂಡ್ಲುಪೇಟೆಗೆ ರೈಲೇ ಇಲ್ಲ, ಬಸ್ಸೇ ಗತಿ. ಮೈಸೂರಿಗೆ ಹೋಗಿ ವಿಶೇಷಶಿಕ್ಷಣದಲ್ಲಿ ಉನ್ನತ ಪದವಿಯನ್ನು ಪಡೆದವರಿಗೆ ಬೆಂಗಳೂರಿನ ಶಾಲೆಗಳಲ್ಲಿಯೂ ಆಸ್ಪತ್ರೆಗಳಲ್ಲಿಯೂ ಹೊರದೇಶಗಳಲ್ಲಿಯೂ ಒಳ್ಳೆಯ ವೇತನವು ದೊರೆಯುವುದು. ಊರಿಗೆ ಹಿಂದಿರುಗಿದರೆ ಖಾಯಂ ಹುದ್ದೆಯು ದುರ್ಲಭ. ಹೋದವರು ಹಿಂದಿರುಗಲಿಲ್ಲವೆಂದು ಅವರನ್ನು ದೂಷಿಸುವುದು ಸುಲಭ, ಆದರೆ ನ್ಯಾಯವಲ್ಲ. ಹಿಂದಿರುಗಿದವರಿಗೆ ಊರು ಏನು ಇಟ್ಟಿದೆಯೆಂಬುದನ್ನು ಮೊದಲು ಕೇಳಬೇಕು. ಇಲ್ಲಿಯೇ ಈ ಚರಿತ್ರೆಯು ವರ್ತಮಾನಕ್ಕೆ ಬಂದು ಮುಟ್ಟುತ್ತದೆ.

ಸರ್ಕಾರವು ಮಾಡಬೇಕಾದುದನ್ನು ಸರ್ಕಾರವೇ ಮಾಡಬೇಕು. ಅದನ್ನು ಕೇಳುವ ಹಕ್ಕು ಪ್ರಜೆಗಳಿಗುಂಟು. ಮಠಗಳು ಮಾಡಬಹುದಾದುವೂ ಕೆಲವುಂಟು. ಅನ್ನದಾಸೋಹ, ಅಕ್ಷರದಾಸೋಹಗಳಲ್ಲಿ ಅವು ಪಳಗಿವೆ. ವಿಶೇಷಶಿಕ್ಷಣದ ಉನ್ನತ ವ್ಯಾಸಂಗಕ್ಕೆ ಹೋಗುವ ಈ ಸೀಮೆಯ ಬಡ ವಿದ್ಯಾರ್ಥಿನಿಗೆ ಮೈಸೂರಿನಲ್ಲಿ ಉಚಿತ ವಸತಿಯನ್ನು ಕೊಡಬಹುದು. ಕೆಲವು ವರ್ಷ ಊರಿನಲ್ಲಿ ಸೇವೆಮಾಡುವೆನೆಂಬ ವಚನದ ಮೇಲೆ ಅವಳ ಶುಲ್ಕವನ್ನು ಭರಿಸಬಹುದು. ಹಿಂದಿರುಗಿದ ಮೇಲೆ ಮಠದ ಶಾಲೆಯಲ್ಲಿಯೇ ಒಂದು ಕೊಠಡಿಯನ್ನೂ ಯೋಗ್ಯವಾದ ಸಂಬಳವನ್ನೂ ಕೊಟ್ಟು, ಸುತ್ತಲಿನ ಅಂಗನವಾಡಿಗಳ ಕಾರ್ಯಕರ್ತೆಯರು ಅವಳಿಂದ ಕಲಿಯುವಂತೆ ಏರ್ಪಡಿಸಬಹುದು. ಜಾತ್ರೆಗೆ ಬರುವ ಸಹಸ್ರಾರು ತಾಯಂದಿರ ಕೂಸುಗಳಿಗೆ ಕಿವಿ ಮತ್ತು ಕಣ್ಣಿನ ಪರೀಕ್ಷೆಯನ್ನು ತಜ್ಞರಿಂದ ಮಾಡಿಸುವುದು ಜಾತ್ರೆಯ ಪುಣ್ಯವನ್ನು ಹೆಚ್ಚಿಸುವುದೇ ಹೊರತು ಕುಂದಿಸಲಾರದು.

ಹಿಂದೆ ಐಗಳು ಮರಳಿನ ಮೇಲೆ ಮಗುವಿನ ಬೆರಳನ್ನು ಹಿಡಿದು ಅಕ್ಷರವನ್ನು ತಿದ್ದಿಸಿದರು. ಶ್ರೀನಿವಾಸರಾಯರ ಶಾಲೆಯಲ್ಲಿ ಅಂಧಬಾಲಕನ ಬೆರಳು ಚುಕ್ಕೆಗಳ ಮೇಲೆ ಕನ್ನಡವನ್ನು ಓದಿತು. ಕಿವಿ ಕೇಳದ ಬಾಲಕಿಯು ಬೆರಳುಗಳಿಂದಲೇ ಮಾತನಾಡುವಳು. ಆ ಬೆರಳನ್ನು ಹಿಡಿಯುವ ಕೈಗೆ ಪ್ರೀತಿಯು ಅವಶ್ಯಕ. ಪ್ರೀತಿಯೊಂದೇ ಸಾಲದು, ಶಾಸ್ತ್ರವೂ ಬೇಕು. ಅತ್ಯಂತ ಚಿಕ್ಕ ಶಿಷ್ಯನಿಗೆ ಅತ್ಯಂತ ಬಲ್ಲ ಗುರುವು ದೊರೆಯುವ ದಿನವು ಚಾಮರಾಜನಗರ, ಗುಂಡ್ಲುಪೇಟೆಗಳ ಪ್ರತಿಯೊಂದು ಹಳ್ಳಿಗೂ ಪ್ರತಿಯೊಂದು ಹಾಡಿಗೂ ಬರಲಿ. ಈ ಮಹೋತ್ಸವದ ಸಂಭ್ರಮವು ಆ ಸತ್ಕಾರ್ಯಕ್ಕೆ ನಾಂದಿಯಾಗಲಿ. ಸರ್ವರಿಗೂ ಮಂಗಳವಾಗಲಿ.